ತುದಿ

ಹೆಸರು ಹಾಕಿರಲಿಲ್ಲ ನಾನು.
ಅಷ್ಟು ಗೊತ್ತಿತ್ತು. ಚಿಕ್ಕಬಳ್ಳಾಪುರದ ತರಬೇತಿಯಲ್ಲಿ
ಬಿಸ್ಕತ್ತಿನ ಪೊಟ್ಟಣ ಕೈಯಿಂದ ಕೈಗೆ ದಾಟುತ್ತಿದ್ದಾಗ
ಮೇಡಂ ಮೂರು ಸಲ ಹೇಳಿದ್ದರು,
ಹೆಸರು ಬರೀಬೇಡಿ, ಫೋಟೊ ಕಳಿಸಬೇಡಿ ಅಂತ.

ಅದಕ್ಕೇ ಇಷ್ಟೇ ಒತ್ತಿದೆ, ಶಿಡ್ಲಘಟ್ಟದ ಒಂದು ಸಂಜೆ,
ಹಿಟ್ಟಿನ ಬೆರಳು ಸೆರಗಿಗೆ ಒರೆಸಿಕೊಂಡು:
ಹೆಂಗಸು, ನಲವತ್ತೆರಡು, ಹಳೇ ಟ್ಯಾಂಕಿನ ಹಿಂದಿನ ರೀಲಿಂಗ್ ಶೆಡ್ಡು,
ಕಫ ಪಾಸಿಟಿವ್, ಮಾತ್ರೆ ಯಾವಾಗಿಂದ ಸಾರ್?

ಸಾರ್‌ಗೆ ಅಂದುಕೊಂಡೆ. ಹೋದದ್ದು ಗುಂಪಿಗೆ.
ಸಾರ್ ಹೆಸರಿನ ಕೆಳಗೇ ಇತ್ತು, ಒಂದು ಉಗುರಿನಷ್ಟು ಕೆಳಗೆ,
ನೀರು ಬಿಡುವ ಹೊತ್ತು, ಕಸದ ಗಾಡಿ, ಪೋಲಿಯೊ ಹನಿ, ಸತ್ತವರ ಸುದ್ದಿ
ಎಲ್ಲ ಬಂದು ಬೀಳುವ ವಾರ್ಡಿನ ಗುಂಪು.
ಅರವತ್ತಮೂರು ಜನ:
ಔಷಧಿ ಅಂಗಡಿಯ ಹುಡುಗ,
ಗೂಡಿನ ಮಾರ್ಕೆಟ್ಟಲ್ಲಿ ಹರಾಜು ಕೂಗುವ ವೆಂಕಟರವಣಪ್ಪ,
ಶೆಡ್ಡಿನ ಯಜಮಾನನ ಭಾಮೈದ.

ಎಲ್ಲರಿಗೂ ಅಳಿಸು ಅಂತ ಇದೆಯಲ್ಲ, ಅದನ್ನು ಒತ್ತಿದೆ.
ಅಳಿಸಿದ ಜಾಗದಲ್ಲಿ
ಅಳಿಸಲಾಗಿದೆ ಅನ್ನುವ ಸಾಲು ಬಂದು ಕೂತಿತು,
ಬಾವಿಯ ಬಾಯಿಗೆ ಹೊಸ ಚಪ್ಪಡಿ ಎಳೆದ ಹಾಗೆ.
ಏನಕ್ಕಾ ಅದು, ಅಂದರು ನೋಡದವರು.
ನೋಡಿದವರು ಏನೂ ಕೇಳಲಿಲ್ಲ.

ನೂಲು ಬಿಚ್ಚುವ ಊರಿದು. ಮಕ್ಕಳಿಗೂ ಗೊತ್ತು,
ಗೂಡು ಕುದಿನೀರಿಗೆ ಬಿದ್ದರೆ ಸಾಲದು,
ತುದಿ ಸಿಗಬೇಕು.
ಕಣ್ಣಿಗೆ ಕಾಣದ್ದು, ಬೆಂದ ಬೆರಳಿಗೆ ಮಾತ್ರ ತಾಗುವಂಥದ್ದು.
ಸಿಕ್ಕಿತೋ,
ಅರ್ಧ ಮೈಲಿ ಎಳೆ ತಾನಾಗಿ ಎದ್ದು ಬರುತ್ತದೆ
ಹುಳ ಬತ್ತಲಾಗುವ ತನಕ.
ನಾನು ಕೊಟ್ಟದ್ದು ಒಂದಲ್ಲ, ನಾಲ್ಕು.

ಮಾರನೆಯ ಬೆಳಿಗ್ಗೆ ಬಾನಿಯ ಮುಂದೆ ಅವಳ ಮಣೆ ಇರಲಿಲ್ಲ.
ಸ್ವಲ್ಪ ದಿನ ಸುಧಾರಿಸ್ಕೊಳಮ್ಮಾ, ಅಂದನಂತೆ ಯಜಮಾನ,
ಬಲು ಮರ್ಯಾದೆಯಿಂದ, ಬಾಗಿಲಿನ ಆ ಕಡೆ ನಿಂತು.
ಟೀ ಅಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟ,
ಅವಳಿಗೆ ಮಾತ್ರ ಕಾಗದದ್ದು.

ಹೋದೆ. ಕೂರಿಸಿದಳು. ಬೈಯಲಿಲ್ಲ,
ಅದೇ ಆಗದೆ ಹೋಯಿತು ನನಗೆ.
ಗೋಡೆಗೆ ತಿರುಗಿ ಕೆಮ್ಮಿ, ತಿರುಗಿ ನಕ್ಕಳು:
"ಹೆಸರೇ ಹಾಕ್ಬೇಕಿತ್ತು ಕಣಕ್ಕಾ ನೀನು.
ಮುಬೀನ್ ತಾಜ್ ಅಂದಿದ್ರೆ ಈ ಗಲ್ಲೀಲೇ ಐದು ಜನ ಇದ್ದೀವಿ,
ಯಾವ ಮುಬೀನ್ ಅಂತ ವಾರವಾದ್ರೂ ಹುಡುಕ್ತಿದ್ರು.
ಹೆಸರು ಮುಚ್ಚಿಟ್ಟು
ನನ್ನನ್ನೇ ಹೇಳ್ಬಿಟ್ಟೆ."

ಆ ರಾತ್ರಿ ಗುಂಪಿಗೆ ಬರೆಯಲು ಕೂತೆ.
ಮಾತ್ರೆ ಶುರುವಾಗಿ ಕೆಲವು ವಾರ ಕಳೆದರೆ ಹರಡೋದಿಲ್ಲ,
ಇದು ವಾಸಿಯಾಗುವ ಕಾಯಿಲೆ, ಯಾರನ್ನೂ ದೂರ ಇಡಬೇಡಿ
ಅಂತ ಬರೆದೆ, ಅಳಿಸಿದೆ, ಮತ್ತೆ ಬರೆದೆ.
ಕಳಿಸಲಿಲ್ಲ. ಇವತ್ತೇ ಯಾಕೆ ಅಂತ ಅವರು ಯೋಚಿಸಿದರೆ
ಅದೂ ಒಂದು ತುದಿಯೇ.

ಈಗ ನಡೆದೇ ಹೋಗುತ್ತೇನೆ, ಸೊಪ್ಪಿನ ಚೀಲದ ತಳದಲ್ಲಿ ಮಾತ್ರೆ,
ಮೇಲೆ ದಂಟು, ಕೊತ್ತಂಬರಿ.
ಸಾರ್ ಕೇಳುತ್ತಾರೆ, ಆ ಕೇಸ್ ಏನಾಯ್ತು?
ಬಂದು ಹೇಳ್ತೀನಿ ಸಾರ್.
ಒಂದು ಮೆಸೇಜ್ ಹಾಕಿದ್ರೆ ಮುಗೀತಲ್ಲಮ್ಮ?
ಮುಗೀತದೆ ಸಾರ್, ಅದಕ್ಕೇ.

ನಿಮಗೂ ಹೇಳಿಬಿಡುತ್ತೇನೆ, ಇಷ್ಟು ಓದಿದ್ದೀರಿ:
ಅವಳ ಹೆಸರು ಮುಬೀನ್ ತಾಜ್ ಅಲ್ಲ.
ವಯಸ್ಸು ಬದಲಿಸಿದ್ದೇನೆ. ಟ್ಯಾಂಕನ್ನು ಬೇರೆ ಬೀದಿಯಿಂದ ತಂದೆ.
ಹುಡುಕಬೇಡಿ.

ರಾತ್ರಿ ಒಂಬತ್ತಕ್ಕೆ ನನ್ನ ಫೋನು ಒಂದೇ ಸಲ ಬಡಿದು ಸುಮ್ಮನಾಗುತ್ತದೆ.
ಪರದೆಯ ಮೇಲೆ ಬರುವ ಹೆಸರು, ಹಾಲಿನವನು.
ಅಷ್ಟು ಹೊತ್ತಲ್ಲಿ ಯಾವ ಹಾಲೇ, ಅನ್ನುತ್ತಾರೆ ಮನೆಯವರು.
ನಾನು ತಿರುಗಿ ಕರೆ ಮಾಡುವುದಿಲ್ಲ.
ನುಂಗಿದ್ದಾಳೆ.