ಬಿಸಿನೀರಿನ ಲೈನು

ಅತ್ತಾವರದ ಹೆರಿಗೆ ಆಸ್ಪತ್ರೆ, ಎರಡನೇ ಮಹಡಿ.
ಬಾಣಂತಿಯ ಬಾಲ್ದಿಗೆ ಬಂದದ್ದು
ಕಣ್ಣ ಚಾಯದ ಬಣ್ಣದ ನೀರು.
ಐರಿನ್ ಸಿಸ್ಟರು ಚೆಲ್ಲಿದರು, ಮತ್ತೆ ಹಿಡಿದರು, ಚೆಲ್ಲಿದರು.

ಮೋನಬ್ಬ ಬಂದ. ಗೋಡೆ ಒಡೆದ, ಗರಗಸ ಹಾಕಿದ.
ಒಂದಿಂಚಿನ ಪೈಪಿನ ಒಳಗೆ
ಬೀಡಿ ತೂರುವಷ್ಟೇ ದಾರಿ;
ಉಳಿದದ್ದೆಲ್ಲ ಕೆಂಪು ಗಂಟು, ಮುರಕಲ್ಲಿನ ಹಾಗೆ ತೂತುತೂತು.

"ತಣ್ಣೀರಿನ ಲೈನು ನೋಡಿ ಮಾರಾಯ್ರೆ,
ಅದೇ ವರ್ಷದ್ದು, ಅದೇ ಕಂಪೆನಿ, ಇನ್ನೂ ಹೊಳೀತದೆ.
ಸತುವಿನ ಗುಣ ಹಾಗೆ:
ತಣ್ಣಗಿದ್ದರೆ ತಾನು ಸವೆದು ಕಬ್ಬಿಣವನ್ನು ಉಳಿಸ್ತದೆ.
ಅರುವತ್ತು ಡಿಗ್ರಿ ದಾಟಿತೋ, ಪಕ್ಷ ಬದಲು.
ಕಬ್ಬಿಣವನ್ನೇ ಮುಂದೆ ನೂಕ್ತದೆ."

ಯಾರು ಹೇಳಿದ್ದು ನಿನಗೆ?
"ಕುವೈತಿನ ಬಾಯ್ಲರು."

ಸೋಲಾರ್ ಹಾಕಿಸಿದ ವರ್ಷ ನಾನೇ ಬರೆದಿದ್ದೆ ಲೆಕ್ಕದಲ್ಲಿ:
ತಾಮ್ರ ಬೇಡ, ಜಿ.ಐ. ಸಾಕು. ಉಳಿತಾಯ
ಹನ್ನೊಂದು ಸಾವಿರದ ನಾನೂರು.
ಕೆಳಗೆ ನನ್ನದೇ ಸಹಿ, ಸೊಟ್ಟ.

ಮೇಜಿನಲ್ಲಿ ಅವನು ಇಟ್ಟುಹೋದ ಒದ್ದೆ ತುಂಡು
ಹೊಸ ಬಿಲ್ಲಿಗೆ ಕೆಂಪು ಉಂಗುರ ಬಿಡಿಸಿದೆ.
ಮಹಡಿಯಲ್ಲಿ ಯಾವುದೋ ಮಗು ಅಳುತ್ತಿದೆ,
ಗ್ಯಾಸಿನಲ್ಲಿ ಕಾಯಿಸಿ ಹೊತ್ತೊಯ್ದ ನೀರಿಗೆ.