ಏಳು

ಒಂದು ಗ್ರಾಂ. ತಕ್ಕಡಿಯ ಕೊನೆಯ ಅಂಕಿ
ನನ್ನ ಉಸಿರಿಗೇ ನಡುಗಿತು.
ಮಾರಿಕುಪ್ಪಂ ಸೈನೈಡ್ ದಿಬ್ಬದ ಮಣ್ಣು, ಬೂದಿ ಬಣ್ಣ;
ಗಾಳಿ ಬೀಸಿದ ದಿನ
ಒಣಹಾಕಿದ ಬಟ್ಟೆ ಮತ್ತೆ ಒಗೆಯಬೇಕು.

"ಹುಲ್ಲೂ ಹುಟ್ಟಲ್ಲ ಅಲ್ಲಿ. ತೋಟದ ಮಣ್ಣು ತರಬಾರದಿತ್ತೆ?"
ಅಂದಿದ್ದರು ವೆಂಕಟರತ್ನ ಮೇಡಂ.

ಒಂಬತ್ತು ಮಿಲಿ ನೀರಿಗೆ ಒಂದು,
ಅದರಿಂದೊಂದು ಮತ್ತೊಂಬತ್ತಕ್ಕೆ,
ಐದನೇ ಕೊಳವೆಗೆ ಬರುವಷ್ಟರಲ್ಲಿ
ನೀರು ನೀರಷ್ಟೇ.

ಮೂರನೇ ದಿನ ಇನ್‌ಕ್ಯುಬೇಟರ್ ತೆರೆದರೆ
ನಾಲ್ಕು ತಟ್ಟೆ ಖಾಲಿ.
ಮೊದಲನೆಯದರಲ್ಲಿ ಚುಕ್ಕಿಗಳು,
ರಾಗಿಕಾಳಿಗಿಂತ ಸಣ್ಣವು, ತುಸು ಹಳದಿ.
ಮೇಡಂ ಕನ್ನಡಕ ಒರೆಸಿಕೊಂಡು ಎಣಿಸಿದರು:
"ಮೂವತ್ತಕ್ಕಿಂತ ಕಡಿಮೆ. ಲೆಕ್ಕಕ್ಕಿಲ್ಲ."

ಅವರು ಅತ್ತ ಹೋದಮೇಲೆ
ಪೆನ್ಸಿಲಿನಲ್ಲಿ, ಹಾಳೆಯಂಚಿಗೆ ಬರೆದೆ: ಏಳು.
ಗಣಿ ಮುಚ್ಚಿದ ಮೇಲೆ ನಮ್ಮ ಲೈನಿನಲ್ಲಿ
ಒಲೆ ಹೊತ್ತುವ ಮನೆಗಳೂ
ಅಷ್ಟೇ.