ಹಿಂದಿನ ಬೆಂಚಿನ ಲೆಕ್ಕ

ಪರೇಲಿನ ಸೇತುವೆ ಇಳಿದು, ಹೂವಿನವರನ್ನು ದಾಟಿದರೆ
ಹಗಲು ಸಣ್ಣ ಮಕ್ಕಳು ಓದುವ ಕಟ್ಟಡ.
ಸಂಜೆ ಆರೂವರೆಗೆ ಅದರ ಕೊರಳಿಗೆ ಬೇರೆ ಬೋರ್ಡು:
ರಾತ್ರಿ ಕಾಲೇಜು.
ಬೆಂಚು ಮಾತ್ರ ಅವೇ, ನಾಲ್ಕನೆಯ ಇಯತ್ತೆಯವು.
ಲಿಫ್ಟು ನಡೆಸಿ, ಕಾಲರು ಹೊಲಿದು, ಹಿಟ್ಟು ರುಬ್ಬಿ ಬಂದವರು
ಮೊಣಕಾಲು ಎಲ್ಲಿಡಲಿ ಎಂದು ಮೊದಲು ಹುಡುಕುತ್ತಾರೆ,
ಆಮೇಲೆ ಪೆನ್ನು.

ನಾನಲ್ಲಿ ಅರ್ಧ ಮಾಸ್ತರ.
ಎಂ.ಕಾಂ. ಮುಗಿದಿದೆ, ಪಗಾರ ಶುರುವಾಗಿಲ್ಲ.
ಒಂದು ವರ್ಷ ಕೋಟ್ಯಾನ್ ಮೇಡಂ ಕೈಕೆಳಗೆ
ಕಲಿಸುವುದನ್ನು ಕಲಿಯಬೇಕು.
ಅವರು ಹೆಸರು ಹಿಡಿದು ಕರೆದವರಲ್ಲ.
"ಏ ಅಕ್ಕಲಕೋಟೆ, ಡಸ್ಟರ್ ಎಲ್ಲುಂಟು?"

ಮೊದಲ ಪಾಠ, ಸವಕಳಿ.
ಡೊಂಬಿವಲಿಯ ಖೋಲಿಯಲ್ಲಿ ರಾತ್ರಿಯೆಲ್ಲ ಕೂತು
ಹದಿನಾಲ್ಕು ಪುಟ ಬರೆದುಕೊಂಡಿದ್ದೆ.
ಯಂತ್ರದ ಬೆಲೆ ಒಂದು ಲಕ್ಷ, ಆಯುಷ್ಯ ಹತ್ತು ವರ್ಷ,
ಗುಜರಿಗೆ ಹಾಕಿದರೆ ಬರುವುದು ಐದು ಸಾವಿರ...
ತಿಳೀತಾ? ಸಮಝಾ? ಕಳ್‌ಲಂ ಕಾ?
ತಲೆಗಳು ಆಡಿದವು, ಗಾಳಿಗೆ ಜೋಳದ ತೆನೆಯ ಹಾಗೆ.
ನಾನು ಹಿಗ್ಗಿದೆ.

ಗಂಟೆಯಾದ ಮೇಲೆ ಮೇಡಂ ಹಳೆಯ ರೈಲು ಟಿಕೀಟೊಂದನ್ನು
ನನ್ನ ಕೈಗಿಟ್ಟರು.
ಬೆನ್ನ ಮೇಲೆ ಪೆನ್ಸಿಲ್ ಗೀಟು,
ನಾಲ್ಕಕ್ಕೊಂದು ಅಡ್ಡಗೀಟು, ಹಾಲಿನವಳ ಲೆಕ್ಕದಂತೆ.
ಇಪ್ಪತ್ತೇಳು.
"ಇಷ್ಟು ಸಲ ತಿಳೀತಾ ಕೇಳಿದ್ದಿ ಮಾರಾಯ.
ಇಪ್ಪತ್ತೇಳು ಸಲವೂ ಹೂಂ ಅಂದ್ರು.
ಬೆಳಗಿಂದ ಸೇಠಿಗೆ ಹೂಂ ಅಂದು ಬಂದವರು ಅವರು,
ನಿನಗೆ ಬೇರೆ ಉತ್ತರ ಎಲ್ಲಿಂದ ತರುವುದು?"

ಆಮೇಲೆ ಎರಡು ತಿಂಗಳು ನಾನು ಹಿಂದಿನ ಬೆಂಚು.
ಮೇಡಂ ಒಂದು ಪ್ರಶ್ನೆ ಹಾಕಿ ಸುಮ್ಮನಾಗುತ್ತಿದ್ದರು.
ಸುಮ್ಮನೆ ಅಂದರೆ ಸುಮ್ಮನೆ.
ಫ್ಯಾನಿನ ಕಟಕಟ. ಕೆಳಗೆ ವಡಾಪಾವಿನವನ ಎಣ್ಣೆ.
ಒಂದು ಲೋಕಲು ಹೋಗಿ ಇನ್ನೊಂದು ಬಂದರೂ
ಅವರ ತುಟಿ ಅಲುಗುವುದಿಲ್ಲ.
ನನಗೆ ಉತ್ತರ ಗಂಟಲಿಗೆ ಬಂದು ಕೆಮ್ಮಾಗುತ್ತಿತ್ತು.
ಬಾಯಿ ತೆರೆದರೆ ಅಲ್ಲಿಂದಲೇ ಅಂಗೈ ಎತ್ತುವರು,
ಟ್ರಾಫಿಕ್ಕಿನ ಹವಾಲ್ದಾರನಂತೆ.
"ಬಾಯಿ ಮುಚ್ಚಲಿಕ್ಕೆ ಕಲಿ.
ಅದಕ್ಕೆ ಯಾವ ಪರೀಕ್ಷೆಯಲ್ಲೂ ಪೇಪರ್ ಇಲ್ಲ."

ದೀಪಾವಳಿ ಕಳೆದು ಮತ್ತೆ ನನ್ನ ಸರದಿ.
ಸವಕಳಿಯೇ. ಈ ಸಲ ಬೋರ್ಡಿನ ಮೇಲೆ ಒಂದೇ ಸಾಲು:
ನಿಮ್ಮ ಕೈಯಲ್ಲಿ ದಿನಾ ಸವೆಯುವುದು ಏನು?
ಸುಮ್ಮನಾದೆ.
ಹನ್ನೆರಡು ಉಸಿರು ಎಣಿಸಿದೆ, ಹದಿಮೂರು ಎಣಿಸಿದೆ.

ಮಾಟುಂಗದ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಶೇಷು ಎದ್ದ:
"ಗ್ರೈಂಡರಿನ ಕಲ್ಲು ಸರ್.
ವರ್ಷಕ್ಕೊಮ್ಮೆ ಉಳಿ ಹೊಡೆಸುತ್ತೇವೆ, ಮತ್ತೆ ಚುರುಕಾಗುತ್ತದೆ.
ಆದರೆ ಹೊಡೆಸಿದಷ್ಟೂ ಕಲ್ಲು ಸಣ್ಣದು.
ಆ ಖರ್ಚು ದುರಸ್ತಿಗೆ ಬರೆಯುವುದಾ, ಸವಕಳಿಗಾ?"

ನನ್ನ ಹದಿನಾಲ್ಕು ಪುಟದಲ್ಲಿ ಕಲ್ಲೇ ಇರಲಿಲ್ಲ.
ಹಿಂದಿನ ಬೆಂಚು ನೋಡಿದೆ. ಮೇಡಂ
ಕಿಟಕಿಯಾಚೆ ಗಿರಣಿಯ ಹಳೆ ಚಿಮಣಿ ನೋಡುತ್ತಿದ್ದರು.
"ಗೊತ್ತಿಲ್ಲ," ಅಂದೆ. "ನಾಳೆ ಕೇಳಿಕೊಂಡು ಬರುತ್ತೇನೆ."

ಯಾರೂ ನಗಲಿಲ್ಲ.
ಕಾಲರಿನ ಮುಮ್ತಾಜ್ ಮೆಲ್ಲಗೆ ಕೈ ಎತ್ತಿದಳು:
ಜಮೆ ಎಂದರೇನು, ಖರ್ಚು ಎಂದರೇನು, ಜೂನಿನಿಂದಲೂ
ತನಗೆ ತಿಳಿದಿಲ್ಲ.
ನನಗೂ, ಎಂದಿತು ಕಿಟಕಿಯ ಬದಿ.
ನನಗೂ. ನನಗೂ.
ಕೋಣೆಯ ತುಂಬ ಇಲ್ಲ.
ಬೋರ್ಡು ಒರೆಸಿ ಮೊದಲಿಂದ ಶುರು ಮಾಡಿದೆ.

"ಇವತ್ತು ಎಷ್ಟು ಗೀಟು, ಮೇಡಂ?"
"ನಿದ್ದೆ ಹತ್ತಿತ್ತು ನನಗೆ. ಎಂತಾಯ್ತು?"

ಸ್ಟೇಷನ್ನಿನ ಮೆಟ್ಟಿಲನ್ನು ಅವರು
ಕಂಬಿ ಹಿಡಿದು, ಎಡಗಾಲು ಮೊದಲಿಟ್ಟು ಹತ್ತುತ್ತಾರೆ.
ಎಂಟು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ.
ನಾನೂ ನಿಲ್ಲುತ್ತೇನೆ.
ಏನೂ ಕೇಳುವುದಿಲ್ಲ.
ಒಂಬತ್ತು ಐವತ್ತೆರಡರ ಲೋಕಲು
ನಮ್ಮನ್ನು ಬಿಟ್ಟು ಹೋಗುತ್ತದೆ.